ಅಂಗೈಯಲ್ಲಿ ಕರಗಿದ ಎಣ್ಣೆ

ಯಳಂದೂರಿನ ನಮ್ಮ ಗಾಣದವ್ವನ ಬಲಗೈಯಲ್ಲಿ ಎರಡು ಬೆರಳು ಮಡಚುತ್ತಿರಲಿಲ್ಲ. ಅದೇ ಕೈಯಿಂದ ಹೊಸ ಎಣ್ಣೆಯನ್ನು ಎತ್ತಿ ಸುರಿದು, ನೂಲಿನಂತೆ ಇಳಿಯುವ ಧಾರೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಮಡ್ಡಿಯೂ ನೀರೂ ತಳ ಸೇರಲು ಮೂರು ದಿನ ಬಿಡದೆ ಒಂದು ಪಾವೂ ಮಾರುತ್ತಿರಲಿಲ್ಲ. ಅವಸರ ಮಾಡಿದವರಿಗೆ, "ಎಣ್ಣೆ ನಿಮ್ಮಪ್ಪನ ಮನೆ ಆಳಲ್ಲ ಕಣ್ಲಾ, ತಾನಾಗಿ ತಿಳಿಯಾಯ್ತದೆ, ಕುಂತ್ಕೊ" ಎಂದು ಗದರುವಳು. ಬಾಯಿ ಜೋರು, ಕೈ ಇನ್ನೂ ಜೋರು. ಅವಳ ಗಾಡಿ ಹೊಡೆಯುತ್ತಿದ್ದ ನನಗೆ ಎರಡೂ ಗೊತ್ತು.

ಅರವತ್ತರ ದಶಕದ ಒಂದು ಮಾಘದಲ್ಲಿ ಬಿಳಿಗಿರಿರಂಗನ ಬೆಟ್ಟದ ಮದುವೆಯೊಂದಕ್ಕೆ ಕಡ್ಲೆಕಾಯಿ ಎಣ್ಣೆ ಒಯ್ದಿದ್ದೆವು. ಹೆಣ್ಣಿನ ಮನೆಯವರು ಬಯಲಿನವರು, ಮಾಂಸ ಮುಟ್ಟದವರು. ಬೆಳಗಾಗುವಷ್ಟರಲ್ಲಿ ಚಳಿಗೆ ಡಬ್ಬದ ಎಣ್ಣೆಯೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅಂಥದ್ದನ್ನು ಅವರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

"ಕೊಬ್ಬು ಬೆರ್ಸವ್ರೆ!" ಎಂದು ಯಾರೋ ಕೂಗಿದರು.

ಅವ್ವ ದೇವಸ್ಥಾನಕ್ಕೆ ಹೋಗಿದ್ದಳು. ನನ್ನನ್ನು ಗಾಡಿಯ ಚಕ್ರಕ್ಕೆ ಕಟ್ಟಿದರು. ಬಾರುಕೋಲಿನ ಮೊದಲ ಏಟಿಗೇ ಬೆನ್ನು ಬಿರಿಯಿತು.

"ಬೊಗಳ್ಲಾ, ಬೆರ್ಸವ್ಳೇನ್ಲಾ ಅವ್ಳು?" ಹೆಣ್ಣಿನ ಅಪ್ಪ ಕೇಳುತ್ತಲೇ ಹೊಡೆದ. ಏಳನೆಯ ಏಟಿಗೋ ಎಂಟನೆಯದಕ್ಕೋ, "ಊ ಸಾಮಿ, ಬೆರ್ಸವ್ಳೆ" ಅಂದುಬಿಟ್ಟೆ. ಅನ್ನ ಹಾಕಿದವಳನ್ನು ಮಾರಿ ಚರ್ಮ ಉಳಿಸಿಕೊಂಡೆ.

ಉಳಿಯಲಿಲ್ಲ. ಆತ ಗಾಡಿಯ ಗೂಟ ಕಿತ್ತು ನನ್ನ ತಲೆಗೇ ಬೀಸಿದ. ಅಷ್ಟರಲ್ಲಿ ಬಂದ ಅವ್ವ ನನ್ನ ಮಾತು ಕೇಳಿಯೂ ನಡುವೆ ಬಲಗೈ ಒಡ್ಡಿದಳು. ಬೆರಳುಗಳು ಲಟ್ಟೆಂದವು. ಅವಳು ಎಡಗೈಯಿಂದ ಡಬ್ಬದ ಬಿಳಿ ಎಣ್ಣೆ ಬಾಚಿ ಮುಷ್ಟಿ ಬಿಗಿದಳು. ಎಲ್ಲರೂ ನೋಡುತ್ತಿದ್ದಂತೆ ಬೆರಳ ಸಂದಿಯಿಂದ ತಿಳಿ ಎಣ್ಣೆ ತೊಟ್ಟಿಕ್ಕಿತು.

"ಕೊಬ್ಬು ಕೈಬಿಸಿಗೆ ಇಂಗೆ ನೀರಾಯ್ತದೇನ್ಲಾ? ಚಳಿಗೆ ನೀನೇ ಮರಗಟ್ತೀಯ, ಎಣ್ಣೆ ಮರಗಟ್ಬಾರ್ದಾ?"

ಅದೇ ಜಿಡ್ಡುಗೈಯಿಂದ ಆತನ ಕೆನ್ನೆಗೆ ಬಾರಿಸಿದಳು. ರುಮಾಲು ಮಣ್ಣಿಗೆ ಬಿತ್ತು. ನನ್ನ ಕಟ್ಟು ಬಿಚ್ಚಿ ನನಗೂ ಒಂದು ಕೊಟ್ಟಳು. "ಸಾಯೋ ಏಟು ಬಿದ್ರೂ ಸುಳ್ಳೇಳ್ಬ್ಯಾಡ." ಆಮೇಲೆ ನನ್ನ ಆ ಸುಳ್ಳನ್ನು ಅವಳು ಎತ್ತಲೇ ಇಲ್ಲ. ಬೆರಳು ಗಾಣಕ್ಕೆ ಸಿಕ್ಕಿತೆಂದು ಊರಿಗೆ ಹೇಳಿದಳು. ನಾನು ತೆಪ್ಪಗಿದ್ದೆ.

ಕೆಲವು ವರ್ಷಗಳ ನಂತರ ಅವಳು ತೀರಿಕೊಂಡಳು. ಎದೆಯ ಮೇಲೆ ಕೈ ಜೋಡಿಸುವಾಗ ಆ ಎರಡು ಬೆರಳು ನೆಟ್ಟಗೇ ನಿಂತವು. "ಪಾಪಿ ಗಾಣ, ಅವ್ವನ ಕೈಯ ಇಂಗ್ ಮಾಡ್ಬುಡ್ತು" ಎಂದು ಅವಳ ಮಗ ಅತ್ತ.

"ಗಾಣ ಅಲ್ಲ ಕಣಪ್ಪ," ಎಂದೆ, ಎಲ್ಲರೆದುರು. "ನಾನು."