ಕೆಳಗಿನ ಓಣಿಯ ಬಾವಿಯ ಬಗ್ಗೆ ನಾನು ಹೇಳಿದ ಸುಳ್ಳು

ಕಮಲಾಪುರದ ಕೆಳಗಿನ ಓಣಿಯ ಬಾವಿಯನ್ನು ಮುಚ್ಚಿಸಿದವನು ನಾನು. ಮಣ್ಣು ಸುರಿದದ್ದು ಟ್ರ್ಯಾಕ್ಟರು, ದುಡ್ಡು ಬಂದದ್ದು ಅನುದಾನದಿಂದ, ಜಾಗ ಗೊತ್ತುಮಾಡಿದ್ದು ಸಮಿತಿ — ಆದರೂ ಮುಚ್ಚಿಸಿದವನು ನಾನೇ. ತುಂಬಿದ ಸಭೆಯಲ್ಲಿ ಎದ್ದು ನಿಂತು ಒಂದು ಸುಳ್ಳು ಹೇಳಿದೆ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆಮೇಲೆ ಇಷ್ಟು ವರ್ಷ ಅದನ್ನು ಮರೆವು, ಆಧಾರದ ಕೊರತೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡು ಬಂದೆ. ನನ್ನ ನೆನಪಿಗೆ ಏನೂ ಆಗಿರಲಿಲ್ಲ.

ನಾನು ಕಲಬುರಗಿಯ ಹೈಸ್ಕೂಲೊಂದರಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಈಗ ಕುಸನೂರಿನ ಕಡೆ ಮನೆ. ಹುಟ್ಟಿದ್ದು ಮಾತ್ರ ಕಮಲಾಪುರದ ಮೇಲಿನ ಓಣಿಯಲ್ಲಿ. ಹೀಗಾಗಿ ಊರಿನಲ್ಲಿ ಏನೇ ಸಮಾರಂಭವಾದರೂ ಮಾಸ್ತರನ್ನು ಕರೆಯಿರಿ, ಇತಿಹಾಸ ಹೇಳುತ್ತಾರೆ ಎನ್ನುತ್ತಿದ್ದರು. ಶಾಲು ಹೊದಿಸುತ್ತಿದ್ದರು, ಕೆಂಪು ಬಾಳೆಹಣ್ಣಿನ ಚಿಪ್ಪು ಕೈಗೆ ಕೊಡುತ್ತಿದ್ದರು. ನನ್ನ ಭಾಷಣದಲ್ಲಿ ರಾಷ್ಟ್ರಕೂಟರು ಬರುತ್ತಿದ್ದರು, ಬಹಮನಿ ಸುಲ್ತಾನರು ಬರುತ್ತಿದ್ದರು, ನಿಜಾಮರು ಬರುತ್ತಿದ್ದರು. ಊರು ಮಾತ್ರ ಬರುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ. ಅಷ್ಟರಲ್ಲಿ ಚಹಾ ಬಂದಿರುತ್ತಿತ್ತು.

ಊರು ತಾಲ್ಲೂಕಾದ ಮೇಲೆ ಖರ್ಚಿನ ಬಾಗಿಲು ತೆರೆಯಿತು. ಸಿಮೆಂಟಿನ ರಸ್ತೆ ಬಂತು. ಅದನ್ನು ಅಗೆದು ಪೈಪು ಹಾಕಿದರು, ಅಗೆದಲ್ಲಿಗೆ ಮತ್ತೆ ಸಿಮೆಂಟು ಬಂತು. ನಾವೆಲ್ಲ ಕಟ್ಟೆಯ ಮೇಲೆ ಕುಳಿತು ನಗಾಡಿದೆವು, ಯಾರೂ ಎದ್ದು ಹೋಗಿ ಕೇಳಲಿಲ್ಲ. ಒಂದು ವರ್ಷ ಸಾಲು ಮಳಿಗೆಗಳನ್ನು ಕಟ್ಟಲು ಹಣ ಬಂತು. ಮಾರ್ಚ್ ಒಳಗೆ ಕೆಲಸ ಹಿಡಿಯದಿದ್ದರೆ ವಾಪಸು ಹೋಗುತ್ತದೆ ಎಂದರು. ಜಾಗ ಹುಡುಕಲು ಊರ ಹಿರಿಯರದೊಂದು ಸಮಿತಿ ಆಯಿತು. ಅದರ ಮುಂದಾಳು ನನ್ನ ಅಣ್ಣ. ಹುಡುಕಿ ಹುಡುಕಿ ಅವರಿಗೆ ಸಿಕ್ಕ ಖಾಲಿ ಜಾಗ ಎಂದರೆ ಕೆಳಗಿನ ಓಣಿಯ ಬಾವಿ ಮತ್ತು ಅದರ ಸುತ್ತಲಿನ ಬಯಲು. ನೀರಿರುವ ಬಾವಿ ಅವರ ಕಣ್ಣಿಗೆ ಖಾಲಿ ಜಾಗವಾಗಿ ಕಂಡಿತು — ನನ್ನ ಕಣ್ಣಿಗೂ.

ಅದನ್ನು ತೋಡಿದವರು ಕೆಳಗಿನ ಓಣಿಯವರೇ. ಊರಿನ ದೊಡ್ಡ ಬಾವಿಯ ಹತ್ತಿರಕ್ಕೂ ಅವರನ್ನು ಬಿಡದಿದ್ದ ಕಾಲದಲ್ಲಿ, ಹಗಲೆಲ್ಲ ಮಂದಿಯ ಹೊಲದಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಕಲ್ಲು ಒಡೆದು ನೀರು ಕಂಡವರು. ಆಮೇಲೆ ನಲ್ಲಿ ಬಂತು, ಆ ಓಣಿಯ ಮನೆಗಳು ಬೌದ್ಧ ಮನೆಗಳಾದವು, ಮಕ್ಕಳು ನೌಕರಿಗೆ ಸೇರಿದರು. ಆದರೂ ಬುದ್ಧ ಪೂರ್ಣಿಮೆಗೆ ಬಾವಿಯ ಮೆಟ್ಟಿಲ ಮೇಲೆ ದೀಪ ಹಚ್ಚುವುದನ್ನು ಬಿಡಲಿಲ್ಲ.

ಸಭೆಗೆ ಮುಂಚೆ ಆ ಓಣಿಯ ಅಂಗನವಾಡಿ ಟೀಚರು ಶಾಂತಾಬಾಯಿ ಬಸ್ಸು ಹಿಡಿದು ಕಲಬುರಗಿಗೆ, ನಮ್ಮ ಮನೆಗೆ ಬಂದರು. ಸುಡು ಬಿಸಿಲು. ಬಾಗಿಲಲ್ಲೇ ನಿಂತವರನ್ನು ನಾನು ಒಳಗೆ ಕರೆದು ಕುರ್ಚಿ ಹಾಕಿದೆ. ಅದನ್ನೇ ದೊಡ್ಡದೆಂದು ತಿಳಿದಿದ್ದೆ. ಅವರು ಸುತ್ತಿ ಬಳಸಿ ಮಾತಾಡಲಿಲ್ಲ. ಊರಿನವರೆಲ್ಲ ಬಳಸಿದ ಹಳೆಯ ಬಾವಿ ಎಂದು ಗೊತ್ತಾದರೆ ಅದನ್ನು ಮುಟ್ಟುವುದಿಲ್ಲ ಎಂದು ಮಳಿಗೆಗಳ ಕೆಲಸ ನೋಡುವ ಅಧಿಕಾರಿ ಹೇಳಿದ್ದರಂತೆ.

"ನಾವು ಹೇಳಿದ್ರ ಅದು ನಮ್ಮ ಓಣಿ ಮಾತಾಗ್ತದ್ರಿ, ಮಾಸ್ತರ. ನೀವು ಹೇಳಿದ್ರ ಇತಿಹಾಸ ಆಗ್ತದ. ನಿಮಗ ಗೊತ್ತಿದ್ದಷ್ಟು ಹೇಳ್ರಿ, ಸಾಕು."

ನೋಡೋಣ ಎಂದೆ. 'ನಿಮಗ ಗೊತ್ತಿದ್ದಷ್ಟು' — ಆ ಮಾತು ಬೇಕೆಂದೇ ಆಡಿದ್ದು ಎಂದು ಅಂದು ನನಗೆ ಹೊಳೆಯಲಿಲ್ಲ.

ನನಗೆ ಗೊತ್ತಿದ್ದದ್ದು ಇದು. ನಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ ಒಂದು ಬಿರುಬೇಸಿಗೆಗೆ ದೊಡ್ಡ ಬಾವಿ ಬತ್ತಿ ಬರೀ ಕೆಸರಾಯಿತಂತೆ. ಕೆಳಗಿನ ಓಣಿಯ ಬಾವಿಯಲ್ಲಿ ಮಾತ್ರ ನೀರಿತ್ತು. ಮೇಲಿನ ಓಣಿಯ ಹೆಂಗಸರು ಸೆರಗು ಮುಖದ ಮೇಲೆ ಎಳೆದುಕೊಂಡು ಹೋಗಿ, ದೂರದಲ್ಲಿ ಕೊಡ ಇಟ್ಟು ಹಿಂದೆ ಸರಿದು ನಿಂತರು. ಆ ಓಣಿಯ ಹೆಂಗಸರು ಸೇದಿ, ಕೊಡ ಮುಟ್ಟದಂತೆ ಮೇಲಿನಿಂದ ಸುರಿದರು. ಬೇಸಿಗೆ ಮುಗಿಯುವವರೆಗೂ ಹೀಗೇ ನಡೆಯಿತು. ಹಾಗೆ ನಿಂತವರಲ್ಲಿ ನನ್ನ ಅಜ್ಜಿಯೂ ಒಬ್ಬಳು. ನೀರು ತಂದ ಮೇಲೆ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳಂತೆ. ಮಳೆ ಬಂದು ದೊಡ್ಡ ಬಾವಿ ತುಂಬಿದ ಮೇಲೆ ಎಲ್ಲ ಮೊದಲಿನಂತೆಯೇ ಆಯಿತು — ಅವರನ್ನು ಹತ್ತಿರ ಬಿಡಲಿಲ್ಲ, ನೀರು ಕೊಟ್ಟು ಉಳಿಸಿದಿರಿ ಎಂದು ಒಂದು ಮಾತು ಹೇಳಲಿಲ್ಲ.

ಅಜ್ಜಿ ಇದನ್ನು ಮನೆಯಲ್ಲಿ ನನ್ನೊಬ್ಬನಿಗೇ ಹೇಳಿದ್ದಳು. ಯಾಕೋ ಗೊತ್ತಿಲ್ಲ. ನಾನು ಅವಳ ಕಾಲೊತ್ತುತ್ತಿದ್ದೆ, ಅದಕ್ಕಿರಬಹುದು. ಯಾರ ಮುಂದೂ ಆಡಬೇಡ ಎಂದು ತಲೆಯ ಮೇಲೆ ಕೈ ಇಡಿಸಿಕೊಂಡಿದ್ದಳು. ಅವಳು ಹೋಗುವ ಮುಂದೆ, ಮನೆಮಂದಿಯೆಲ್ಲ ಹಾಸಿಗೆಯ ಸುತ್ತ ನಿಂತಿದ್ದಾಗ, ಯಾವ ನೀರು ಕೊಟ್ಟರೂ ಅದಲ್ಲ ಎಂದು ತಲೆಯಾಡಿಸಿದಳು. "ಕೆಳಗಿಂದು ತರ್ರಿ," ಎಂದಳು. ಮಾತು ತಪ್ಪುತ್ತಿದೆ ಎಂದು ಎಲ್ಲರೂ ಅತ್ತರು. ಅವಳು ಏನು ಕೇಳುತ್ತಿದ್ದಾಳೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಾನು ಹೋಗಲಿಲ್ಲ. ಅಜ್ಜಿ ಬೇರೆ ನೀರನ್ನೇ ಕುಡಿದು ಸತ್ತಳು.

ಸಭೆ ನಡೆದದ್ದು ಶಾಲೆಯ ವರಾಂಡದಲ್ಲಿ. ಮುಂದಿನ ಸಾಲಿನಲ್ಲಿ ಅಣ್ಣ, ನಮ್ಮ ಬೀಗರು, ಮೇಲಿನ ಓಣಿಯ ಹಿರಿಯರು. ಹಿಂದೆ ಕಂಬದ ಹತ್ತಿರ ಶಾಂತಾಬಾಯಿ ಮತ್ತು ಅವರ ಓಣಿಯವರು. ಅವರಲ್ಲೊಬ್ಬರು ಎದ್ದು ಅದು ತಮ್ಮ ಹಿರಿಯರು ತೋಡಿದ ಬಾವಿ ಎಂದರು. ಅದಕ್ಕೇನು ಆಧಾರ ಎಂದು ಮುಂದಿನ ಸಾಲು ಕೇಳಿತು. ಅಧಿಕಾರಿ ಒಳ್ಳೆಯ ಮನುಷ್ಯ. ಪಾಪ, ನನ್ನ ಕಡೆ ತಿರುಗಿ ಬಹಳ ಗೌರವದಿಂದ, ಈ ಬಾವಿಯ ನೀರನ್ನು ಊರಿನ ಎಲ್ಲರೂ ಬಳಸಿದ್ದುಂಟೇ ಸರ್ ಎಂದು ಕೇಳಿದರು.

ಹೌದು ಎಂದರೆ ಸಾಕಿತ್ತು. ಆದರೆ ಯಾರು ಬಳಸಿದರು ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು. ಆಗ ಅಣ್ಣನ ಎದುರಿಗೆ, ಬೀಗರ ಎದುರಿಗೆ, ನಮ್ಮ ಅಜ್ಜಿ ಸೆರಗು ಮುಚ್ಚಿಕೊಂಡು ಆ ಓಣಿಯಲ್ಲಿ ಕೊಡ ಹಿಡಿದು ನಿಂತಿದ್ದಳು ಎಂದು ಹೇಳಬೇಕಾಗುತ್ತಿತ್ತು. ಅಜ್ಜಿಗೆ ಕೊಟ್ಟ ಮಾತಿಗಾಗಿ ಹೇಳಲಿಲ್ಲ ಎಂದು ಈಗ ಮತ್ತೊಂದು ಸುಳ್ಳು ಹೇಳಲಾರೆ. ಆ ಹೊತ್ತಿಗೆ ಅಜ್ಜಿಯ ಮಾತು ನನ್ನ ನೆನಪಿಗೇ ಬರಲಿಲ್ಲ. ನನಗೆ ಕಂಡದ್ದು ಮುಂದಿನ ಸಾಲು ಮಾತ್ರ.

"ಇಲ್ರಿ. ಆ ಬಾವಿಗಿ ಇತಿಹಾಸ ಅಂತ ಏನೂ ಇಲ್ಲ," ಎಂದೆ.

ಬಹಳ ಸರಳವಾಗಿ ಬಂತು ಮಾತು. ಸುಲ್ತಾನರ ಬಗ್ಗೆ ಮಾತಾಡುವಾಗ ಇರುತ್ತಿತ್ತಲ್ಲ, ಅದೇ ಧಾಟಿ. ಅಣ್ಣ ತಲೆದೂಗಿದ. ಶಾಂತಾಬಾಯಿ ಅರ್ಧ ಎದ್ದವರು ನನ್ನನ್ನು ನೋಡಿ ಮತ್ತೆ ಕುಳಿತರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಿದ್ದಿದ್ದರೆ ನಾನು ಇಷ್ಟು ದಿನ ಅದನ್ನು ಹೊರಬೇಕಾಗಿರಲಿಲ್ಲವೇನೋ.

ಮಳಿಗೆಗಳಾದವು. ಉದ್ಘಾಟನೆಯ ದಿನ ನನಗೆ ಶಾಲು ಬಂತು, ಬಾಳೆಹಣ್ಣೂ ಬಂತು. ಮೊದಲನೆಯ ಬೇಸಿಗೆಗೇ ನೆಲ ಒಸರತೊಡಗಿತು. ಊರಿಗೆ ಊರೇ ಒಣಗಿ ನಿಂತಾಗ ಆ ಮಳಿಗೆಗಳ ನೆಲ ಮಾತ್ರ ಒದ್ದೆ. ಕಿರಾಣಿಯವನ ಸಕ್ಕರೆ ನೀರಾಯಿತು, ಬಟ್ಟೆಯವನ ಥಾನುಗಳಿಗೆ ಬೂಷ್ಟು ಹಿಡಿಯಿತು. ಎಲ್ಲೋ ಪೈಪು ಒಡೆದಿದೆ ಎಂದು ಅಗೆದರು, ಪೈಪೇ ಇರಲಿಲ್ಲ. ಅದರ ಮೇಲೆ ಮತ್ತೊಂದು ಸಿಮೆಂಟು, ಆಮೇಲೆ ಟೈಲ್ಸು — ಅದಕ್ಕೂ ಹಣ ಬಂತು, ಅದೂ ಖರ್ಚಾಯಿತು. ಬಾಡಿಗೆಯವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಈಗ ಎಲ್ಲ ಷಟರುಗಳಿಗೂ ಬೀಗ.

ಊರಿಗೆ ಹೋದಾಗಲೆಲ್ಲ ಆ ಕಡೆ ಹೋಗಬಾರದೆಂದೇ ಹೊರಡುತ್ತೇನೆ, ಕಾಲು ಅಲ್ಲಿಗೇ ಒಯ್ಯುತ್ತದೆ. ಷಟರಿನ ಕೆಳಗಿನಿಂದ ತಣ್ಣಗೆ ಗಾಳಿ ಬರುತ್ತದೆ. ಹೊಸ್ತಿಲ ಮೇಲೆ ಅಂಗೈ ಇಟ್ಟರೆ ಒದ್ದೆಯಾಗುತ್ತದೆ. ನಾನು ಓದಿದವನು, ಸೆಲೆ ಇರುವಲ್ಲಿ ನೀರು ಬರುತ್ತದೆ ಎಂದು ಗೊತ್ತು. ಆದರೂ ಆ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುವಾಗ ಯಾರೋ ನೋಡುತ್ತಿದ್ದಾರೆ ಎನಿಸಿ ತಿರುಗುತ್ತೇನೆ. ಯಾರೂ ಇರುವುದಿಲ್ಲ. ಮನೆಯಲ್ಲಿ ನಲ್ಲಿ ಬಿಟ್ಟು ಕೊಡ ತುಂಬುವ ಸದ್ದಾದರೆ ಕೈಯಲ್ಲಿದ್ದ ಪತ್ರಿಕೆ ಬದಿಗಿಟ್ಟು ಸುಮ್ಮನೆ ಕುಳಿತುಬಿಡುತ್ತೇನೆ. ಹೆದರಿಕೆ ಎಂದರೆ ಹೆದರಿಕೆಯೇ. ಮುಚ್ಚುವುದೇಕೆ?

ಕಳೆದ ತಿಂಗಳು ಶಾಂತಾಬಾಯಿಯವರನ್ನು ಹುಡುಕಿಕೊಂಡು ಹೋದೆ. ಈಗ ಅವರು ಶರಣಸಿರಸಗಿಯ ಹೊಸ ಲೇಔಟಿನಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳ ಜೊತೆ ಇದ್ದಾರೆ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ — ಅಜ್ಜಿ, ಕೊಡ, ಆ ಬೇಸಿಗೆ, ಸಭೆಯಲ್ಲಿ ಬಾಯಿಗೆ ಬಂದ ಸುಳ್ಳು. ಅವರು ಮೊರವನ್ನು ಕೆಳಗಿಡಲಿಲ್ಲ.

"ಗೊತ್ತಿತ್ರಿ," ಎಂದರು. "ನಮ್ಮತ್ತಿ ಹೇಳ್ಯಾಳ. ನಿಮ್ಮ ಅಜ್ಜಿ ಕೊಡಕ್ಕ ನೀರು ಸುರದಾಕಿನೇ ಆಕಿ, ಆಗಿನ್ನೂ ಸಣ್ಣ ಹುಡುಗಿ. ಅದಕ್ಕೇ ನಾ ಬ್ಯಾರೆ ಯಾರ ಮನಿಗೂ ಹೋಗ್ಲಿಲ್ಲ, ನಿಮ್ಮ ಮನಿಗಿ ಬಂದಿದ್ದೆ."

ಹಾಗಾದರೆ ಸಭೆಯಲ್ಲಿ ನೀವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀರು ಕೊಟ್ಟವರು ಕುಡದವರ ಹೆಸರು ಹೇಳಂಗಿಲ್ರಿ. ನಮ್ಮ ಓಣ್ಯಾಗ ಅದೊಂದು ಕಟ್ಟು. ಹೇಳಾಕಂತ ಎದ್ದಿದ್ದೆ, ನಮ್ಮತ್ತಿ ನೆನಪಾದಳು, ಕುಂತೆ. ನೀವೇ ಹೇಳ್ತೀರಿ ಅಂದ್ಕೊಂಡಿದ್ದೆ."

ಬಾವಿ ಹೋದರೂ ಸರಿ ಎಂದು ಅವರು ನಮ್ಮ ಮನೆಯ ಮಾನ ಕಾದು ಕುಳಿತಿದ್ದರು. ಅದೇ ಹೊತ್ತಿನಲ್ಲಿ, ಅದೇ ವರಾಂಡದಲ್ಲಿ, ನಾನೂ ಅದೇ ಮಾನ ಕಾಯಲೆಂದು ಅವರ ಬಾವಿಯನ್ನು ಕೊಟ್ಟುಬಿಟ್ಟೆ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಇನ್ನು ಎಲ್ಲರೆದುರು ಹೇಳುತ್ತೇನೆ, ಬರೆದೂ ಹೇಳುತ್ತೇನೆ ಎಂದೆ. ಅವರು ಮೊರದೊಳಗಿನ ಕಲ್ಲೊಂದನ್ನು ಹೆಕ್ಕಿ ಆಚೆ ಎಸೆದರು.

"ಹೇಳ್ರಿ. ನಿಮ್ಮ ಮನಿ ಹೆಸರು ಹೇಳ್ರಿ. ಉಳದ ಮನಿ ಹೆಸರು ಹೇಳಬ್ಯಾಡ್ರಿ."

ಕಮಲಾಪುರದವರೇ, ಕೆಳಗಿನ ಓಣಿಯ ಬಾವಿಯನ್ನು ತೋಡಿದವರು ಆ ಓಣಿಯವರು. ಅದರ ನೀರು ಕುಡಿದು ಬದುಕಿದ ಮನೆಗಳಲ್ಲಿ ಮೇಲಿನ ಓಣಿಯ ಬಂಕದ ಮನೆ ಒಂದು. ನಾನು ಆ ಮನೆಯವನು. ಉಳಿದ ಮನೆಗಳು ಯಾವುವೆಂದು ಅಜ್ಜಿ ನನಗೆ ಒಂದೊಂದಾಗಿ ಹೇಳಿದ್ದಾಳೆ. ನಾನು ಹೇಳುವುದಿಲ್ಲ. ನಿಮ್ಮ ಮನೆಗಳಲ್ಲೂ ಅಜ್ಜಿಯರಿದ್ದರು.