ಮುಸ್ಯೋಕಾ ಅಜ್ಜನ ಮೊದಲ ಸಂಪುಟ

ನೈರೋಬಿಯ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಮಾರುವ ಕೆರುಬೊಳ ಮುಂದೆ ಶನಿವಾರ ಬೆಳಗಾದರೆ ಮುಸ್ಯೋಕಾ ಅಜ್ಜ ಹಾಜರು. ಹದಿನಾಲ್ಕು ಸಂಪುಟಗಳ ಮಾಯಾಲೋಕದ ಕಾದಂಬರಿಯೊಂದನ್ನು ಅಜ್ಜ ಓದಿದ್ದು ಅವಳ ರಾಶಿಗೆ ಬಂದುಬಿದ್ದ ಕ್ರಮದಲ್ಲಿ: ಮೊದಲು ಒಂಬತ್ತು, ಆಮೇಲೆ ನಾಲ್ಕು, ಆಮೇಲೆ ಹದಿಮೂರು. “ಸತ್ತ ರಾಣಿ ಮದುವೆ ಆಗ್ತಾಳೇನಮ್ಮಾ? ಬರೆದವನಿಗೆ ತಲೆ ಕೆಟ್ಟಿದೆ!” “ನೀನು ಹಿಂದುಮುಂದಾಗಿ ಓದಿದ್ರೆ ಅವನೇನ್ ಮಾಡ್ತಾನಜ್ಜಾ?” ಬಗ್ಗಿ ಪುಸ್ತಕ ಹುಡುಕುತ್ತಿದ್ದವರೆಲ್ಲ ನಡು ನೆಟ್ಟಗೆ ಮಾಡಿಕೊಂಡು ಒಂದೊಂದು ಪಕ್ಷ ಸೇರುತ್ತಾರೆ, ಯಾವ ರಾಣಿ, ಎಷ್ಟನೇ ಮದುವೆ ಎಂದು ಯಾರಿಗೂ ತಿಳಿಯುವುದಿಲ್ಲ. ಉಳಿದ ಆರು ದಿನ ಅಜ್ಜನೊಡನೆ ಮಾತಾಡುವುದು ರೇಡಿಯೋ ಒಂದೇ. ಈ ಶನಿವಾರ ಕೊನೆಗೂ, ಜಗಳವನ್ನೆಲ್ಲ ತೀರಿಸಬಲ್ಲ ಮೊದಲ ಸಂಪುಟ ಅವನ ಕೈಗೆ ಸಿಕ್ಕಿತು. ಅಜ್ಜ ಅದನ್ನು ತಿರುಗಿಸಿ ನೋಡಿ, ಮೆಲ್ಲಗೆ ರಾಶಿಯ ತಳಕ್ಕೆ ತಳ್ಳಿದ. ಕೆರುಬೊ ನೋಡಿಯೂ ನೋಡದವಳಂತೆ ಅದರ ಮೇಲೆ ಎರಡು ದಪ್ಪ ನಿಘಂಟು ಹೇರಿ ಕೇಳಿದಳು: “ರಾಣಿ ಸತ್ತಳು ಅಂತ ನಿನಗೆ ಯಾರು ಹೇಳಿದ್ರಜ್ಜಾ?”