ಎರಡು ಸರ್ವರ್, ಅಪ್ಪನ ಫೋನು

ಮಗ ಕಾಲೇಜಿಗೆ ಸೇರಿದ ಮೇಲೆ ನಾನು ಮತ್ತೆ ಕೆಲಸಕ್ಕೆ ಹೊರಟೆ. ನಗರದ ಇನ್ನೊಂದು ತುದಿಯ ಮಾದಾಪುರದಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಕುಷಾಯಿಗೂಡದ ನಮ್ಮ ಮನೆಯಿಂದ ಶೇರ್ ಆಟೋದಲ್ಲಿ ಹಬ್ಸಿಗೂಡ, ಅಲ್ಲಿಂದ ಮೆಟ್ರೋ. ಹತ್ತು ವರ್ಷಕ್ಕೂ ಮೇಲೆ ಮನೆಯಲ್ಲಿದ್ದವಳಿಗೆ ಮೆಟ್ರೋದಲ್ಲಿ ನಿಂತುಕೊಂಡು ಹೋಗುವುದೇ ಮೊದಮೊದಲು ದೊಡ್ಡ ಕೆಲಸ ಅನಿಸುತ್ತಿತ್ತು.

ನಮ್ಮ ಟೀಮ್ ಲೀಡ್ ನನಗಿಂತ ಎಷ್ಟೋ ಚಿಕ್ಕವನು. ನನ್ನನ್ನು ಮೇಡಂ ಅನ್ನುತ್ತಿದ್ದ. ಅದರಲ್ಲಿ ಗೌರವ ಎಷ್ಟು, ಅನುಮಾನ ಎಷ್ಟು ಎಂದು ಮೊದಲ ವಾರ ನನಗೆ ತಿಳಿಯಲಿಲ್ಲ. ಎರಡನೇ ವಾರ ಒಂದು ಕೆಲಸ ಕೊಟ್ಟ. ಊರಿನಲ್ಲಿ ನಾಲ್ಕಾರು ಕಡೆ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟಿದ್ದವರೊಬ್ಬರಿಗೆ ನಮ್ಮವರು ವೆಬ್ ಅಪ್ಲಿಕೇಶನ್ ಮಾಡಿಕೊಡುತ್ತಿದ್ದರು. ರೋಗಿಗಳು ಫೋನಿನಲ್ಲೇ ಹೊತ್ತು ಗೊತ್ತು ಮಾಡಿಕೊಳ್ಳಬೇಕು, ಡಾಕ್ಟರ ಚೀಟಿಯ ಫೋಟೋ ಕಳಿಸಬೇಕು, ರಿಪೋರ್ಟ್ ನೋಡಬೇಕು. ಹಳೆಯದೊಂದು ಅಪ್ಲಿಕೇಶನ್ನನ್ನೇ ತಿದ್ದಿ ಇದನ್ನು ಮಾಡಿದ್ದರು. ಇನ್ನು ಯಾವ ವೆಬ್ ಸರ್ವರ್ ಮೇಲೆ ಓಡಿಸುವುದು ಅನ್ನುವುದಷ್ಟೇ ಬಾಕಿ. ಅದನ್ನು ನೋಡಿ ಹೇಳುವುದು ನನ್ನ ಪಾಲಿಗೆ ಬಂತು.

ಫೋನಿನಿಂದ ಬಂದ ಕೋರಿಕೆಯನ್ನು ಮೊದಲು ತೆಗೆದುಕೊಂಡು, ಒಳಗಿನ ಪ್ರೋಗ್ರಾಮಿಗೆ ಕೊಟ್ಟು, ಅದರ ಉತ್ತರವನ್ನು ಮರಳಿ ಫೋನಿಗೆ ಮುಟ್ಟಿಸುವ ಸಾಫ್ಟ್‌ವೇರೇ ವೆಬ್ ಸರ್ವರ್. ಅಂಥವುಗಳಲ್ಲಿ ನನಗೆ ಗೊತ್ತಿದ್ದದ್ದು ಅಪಾಚೆ ಒಂದೇ. ಹಿಂದಿನ ಕೆಲಸದಲ್ಲಿ ಅದರ ಜೊತೆಗೇ ದಿನ ಕಳೆದಿದ್ದೆ. ಪಕ್ಕದ ಕುರ್ಚಿಯ ಹುಡುಗಿಗೆ, “ಅಪಾಚೆ ಅಂತ ಹೇಳಿಬಿಡ್ತೀನಿ” ಎಂದೆ. ವರಂಗಲ್ ಕಡೆಯವಳು, ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದಳು.

“ಅದೆಂದುಕಕ್ಕಾ?” ಎಂದು ತೆಲುಗಿನಲ್ಲಿ ಯಾಕೆಂದು ಕೇಳಿದಳು. ಈಗ ಎಲ್ಲರೂ ಎಂಜಿನ್‌ಎಕ್ಸ್ ಅನ್ನುವ ಇನ್ನೊಂದು ಸರ್ವರ್ ಹಾಕುತ್ತಾರೆ ಎಂದಳು.

“ಎಲ್ಲರೂ ಹಾಕೋದು ಒಂದು ಕಾರಣನಾ?” ಎಂದೆ. ಅವಳು ನಕ್ಕಳು. ಆದರೆ ಲೀಡ್‌ಗೆ ಕಳಿಸಲು ಕಾರಣ ಬರೆಯಹೋದಾಗ ನನ್ನ ಬಳಿಯೂ ಇದ್ದದ್ದು ಒಂದೇ ಸಾಲು: ಇದು ನನಗೆ ಗೊತ್ತಿದೆ. ಪರದೆಯ ಮೇಲೆ ಅದು ತೀರಾ ಬಡವಾಗಿ ಕಂಡಿತು. ಅಳಿಸಿದೆ.

ನಾನೂ ಅವಳೂ ಇಂಟರ್ನೆಟ್ ಮೂಲಕ ಎರಡು ಸಣ್ಣ ಮಷಿನ್ ಬಾಡಿಗೆಗೆ ತೆಗೆದುಕೊಂಡು, ಒಂದರಲ್ಲಿ ಅಪಾಚೆ, ಇನ್ನೊಂದರಲ್ಲಿ ಎಂಜಿನ್‌ಎಕ್ಸ್ ಹಾಕಿದೆವು. ಒಟ್ಟಿಗೆ ನೂರಾರು ಕೋರಿಕೆ ಕಳಿಸುವ ಪ್ರೋಗ್ರಾಮನ್ನು ಎರಡರ ಮೇಲೂ ಬಿಟ್ಟೆವು. ಎರಡೂ ಚೆನ್ನಾಗಿಯೇ ನಡೆದವು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಒಳಗೊಳಗೇ ಖುಷಿ. ಹಾಗಾದರೆ ನನ್ನದೇ ಸಾಕಲ್ಲ.

ಆ ಭಾನುವಾರ ಅಪ್ಪನ ಫೋನಿನಲ್ಲಿ ಅಪಾಚೆ ಮೇಲೆ ಓಡುತ್ತಿದ್ದ ಪುಟವನ್ನು ತೆರೆದು ಕೊಟ್ಟೆ. ಅಪ್ಪ ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಉಗ್ರಾಣ ವಿಭಾಗದಲ್ಲಿದ್ದವರು, ಬೀದರ್ ಜಿಲ್ಲೆಯಿಂದ ಬಂದು ಇಲ್ಲೇ ಮನೆ ಕಟ್ಟಿದವರು. ನಮ್ಮ ಹಿಂದಿನ ಕೋಣೆಯಲ್ಲಿ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಅವರಿಗೆ ಕೂರಲು ಅದೇ ಕೋಣೆ ಬೇಕು, ಫ್ಯಾನ್ ಚೆನ್ನಾಗಿದೆ ಅಂತ. ಚೀಟಿಯ ಫೋಟೋ ಕಳಿಸಿ ಎಂದೆ. ನಾನು ಲ್ಯಾಪ್‌ಟಾಪಿನಲ್ಲಿ ಸರ್ವರ್ ಏನು ಮಾಡುತ್ತಿದೆ ಎಂದು ನೋಡುತ್ತ ಕುಳಿತೆ.

“ತಿರಗಾಕತ್ತೈತಿ” ಎಂದರು ಅಪ್ಪ.

“ಸ್ವಲ್ಪ ತಡೀರಿ ಅಪ್ಪಾ.”

“ಇನ್ನೂ ತಿರಗಾಕತ್ತೈತಿ ನೋಡವಾ. ಇಷ್ಟೊತ್ತಿಗೆ ನಾ ಲ್ಯಾಬಿಗೆ ನಡಕೊಂತ ಹೋಗಿ ಬರ್ತಿದ್ದೆ.”

ಫೋಟೋ ತೊಟ್ಟು ತೊಟ್ಟಾಗಿ ಬರುತ್ತಿತ್ತು. ಅಷ್ಟು ಹೊತ್ತೂ ಅಪಾಚೆಯ ಒಂದು ಪ್ರೊಸೆಸ್, ಅಂದರೆ ಓಡುತ್ತಿರುವ ಅದರದೇ ಒಂದು ಪ್ರತಿ, ಒಂದಿಷ್ಟು ಮೆಮೊರಿ ಹಿಡಿದುಕೊಂಡು, ಅಪ್ಪನೊಬ್ಬರಿಗಾಗಿಯೇ ಕಾಯುತ್ತಿತ್ತು. ಬೇರೆ ಏನೂ ಮಾಡುತ್ತಿರಲಿಲ್ಲ. ನಾವು ಪರೀಕ್ಷೆ ಮಾಡಿದ್ದು ಆಫೀಸಿನ ವೇಗದ ನೆಟ್‌ವರ್ಕಿನಲ್ಲಿ. ಲ್ಯಾಬಿಗೆ ಬರುವವರು ಅರ್ಧ ಜನ ಊರಾಚೆಯವರು. ಅವರ ಫೋನಿಗೂ ಅಪ್ಪನ ಫೋನಿನಷ್ಟೇ ಸಿಗ್ನಲ್ ಇರುತ್ತದೆ.

ಸೋಮವಾರ ಹುಡುಗಿಗೆ ಇದನ್ನು ಹೇಳಿದೆ. ಇಬ್ಬರೂ ಕೂತು ಪರೀಕ್ಷೆ ಬದಲಿಸಿದೆವು. ಕೋರಿಕೆಗಳು ಅಷ್ಟೇ, ಆದರೆ ಪ್ರತಿಯೊಂದೂ ನಿಧಾನವಾಗಿ ಬರಬೇಕು. ನಾನು ಹೊಂದಿಸಿದ್ದ ಅಪಾಚೆ ಒಂದೊಂದು ಕೋರಿಕೆಗೂ ಒಂದೊಂದು ಪ್ರೊಸೆಸ್ ಕೊಡುತ್ತ ಹೋಯಿತು. ಮೆಮೊರಿ ತುಂಬಿತು, ಹೊಸದಾಗಿ ಬಂದವರಿಗೆ ಉತ್ತರವೇ ಇಲ್ಲ. ಎಂಜಿನ್‌ಎಕ್ಸ್ ಅಷ್ಟನ್ನೂ ಒಂದೆರಡೇ ಪ್ರೊಸೆಸ್‌ನಲ್ಲಿ ನೋಡಿಕೊಂಡಿತು. ಫೋಟೋ ಪೂರ್ತಿ ಬಂದ ಮೇಲಷ್ಟೇ ಒಳಗಿನ ಪ್ರೋಗ್ರಾಮನ್ನು ಕರೆಯುತ್ತಿತ್ತು. ಅಪಾಚೆಯದು ತಪ್ಪೇನಿಲ್ಲ. ಅದನ್ನು ಬೇರೆ ರೀತಿ ಹೊಂದಿಸುವ ದಾರಿಗಳೂ ಇದ್ದವು. ಆದರೆ ಅವೂ ನಾನು ಮನೆಯಲ್ಲಿದ್ದಾಗ ಬೆಳೆದಂಥವು, ಹೊಸದಾಗಿಯೇ ಕಲಿಯಬೇಕು. ಕಲಿಯುವುದೇ ಆದರೆ ಈ ಕೆಲಸಕ್ಕೆ ಒಗ್ಗಿದ್ದನ್ನೇ ಕಲಿಯುವುದು ಸರಿ.

ಹೀಗೆ ಹೇಳುವುದು ಸುಲಭ. ಆ ಸಂಜೆ ಮೆಟ್ರೋದಲ್ಲಿ ಕಂಬ ಹಿಡಿದು ನಿಂತಾಗ ನಿಜಕ್ಕೂ ಬೇಜಾರಾಯಿತು. ಇಷ್ಟು ವರ್ಷ ಆದ ಮೇಲೆ ಕೈಯಲ್ಲಿ ಉಳಿದಿದ್ದ ಒಂದೇ ವಿದ್ಯೆ ಅದು. ಕೆಲಸಕ್ಕೆ ಸೇರಿ ತಿಂಗಳಾಗುವ ಮೊದಲು ಅದು ಬೇಡ ಎಂದು ನಾನೇ ಬರೆಯಬೇಕಿತ್ತು.

ಬರೆದೆ. ಲೀಡ್ ಓದಿ, “ನಾವೂ ಅದನ್ನೇ ಅಂದುಕೊಂಡಿದ್ವಿ ಮೇಡಂ” ಎಂದ.

ನನಗೆ ಸಿಟ್ಟು ಬಂತು. “ಮತ್ತೆ ನನಗೆ ಯಾಕೆ ಕೊಟ್ಟಿರಿ?” ಎಂದು ಹಿಂದಿಯಲ್ಲಿ ಕೇಳಿಯೇಬಿಟ್ಟೆ.

ಅವನು ತಡಬಡಿಸಿದ. ಹೊಸದಾಗಿ ಬಂದವರಿಗೆ ಏನಾದರೂ ಕೊಡಬೇಕಿತ್ತು ಎಂದ. ಆಮೇಲೆ ನನ್ನ ನಿಧಾನದ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿ ತೋರಿಸಿ ಎಂದು ಕೇಳಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಪೂರ್ತಿ ನೋಡಿದ. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು, ಅವನ ಮೇಲಿನದಾದರೂ.

ಮುಂದಿನ ಕೆಲಸದಲ್ಲಿ ನಾನೂ ಹುಡುಗಿಯೂ ಇಬ್ಬರೂ ಬೇಕಾದೆವು. ಹಳೆಯ ಅಪ್ಲಿಕೇಶನ್ನಿನಲ್ಲಿ ಯಾವ ವಿಳಾಸ ಎಲ್ಲಿಗೆ ಹೋಗಬೇಕು ಅನ್ನುವ ನಿಯಮಗಳೆಲ್ಲ ಅಪಾಚೆಯ ಭಾಷೆಯಲ್ಲಿದ್ದವು. ಎಂಜಿನ್‌ಎಕ್ಸ್ ಅವನ್ನು ಓದುವುದಿಲ್ಲ. ನಾನು ಓದಿ ಅರ್ಥ ಹೇಳುತ್ತಿದ್ದೆ, ಅವಳು ಹೊಸ ರೀತಿಯಲ್ಲಿ ಬರೆಯುತ್ತಿದ್ದಳು. ಕೆಲವು ನಿಯಮ ಯಾಕಿವೆ ಎಂದು ನನಗೂ ಗೊತ್ತಾಗಲಿಲ್ಲ. ತೆಗೆದು ನೋಡಿದೆವು. ಒಂದನ್ನು ತೆಗೆದಾಗ ರಿಪೋರ್ಟುಗಳೇ ಮಾಯ. ಗಾಬರಿಯಾಗಿ ಮತ್ತೆ ಹಾಕಿದೆವು.

ಮುಗಿದ ಮೇಲೆ ಮತ್ತೆ ಅಪ್ಪನಿಗೆ ಫೋನು ಕೊಟ್ಟೆ. ಈ ಸಲ ತಿರುಗಲಿಲ್ಲ.

“ಏನೋ ಇಂಗ್ಲಿಷಿನ್ಯಾಗ ಬೈಯಾಕತ್ತೈತಿ” ಎಂದರು.

ಕಳಿಸಿದ ಕಡತ ಬಹಳ ದೊಡ್ಡದು ಎಂಬ ಸಂದೇಶ. ಏನೂ ಹೇಳದಿದ್ದರೆ ಎಂಜಿನ್‌ಎಕ್ಸ್ ಒಂದು ಎಂಬಿಗಿಂತ ದೊಡ್ಡದನ್ನು ತೆಗೆದುಕೊಳ್ಳುವುದಿಲ್ಲ. ಅಪ್ಪನ ಫೋನಿನ ಫೋಟೋ ಅದಕ್ಕಿಂತ ಎಷ್ಟೋ ದೊಡ್ಡದು. ನಾವಿಬ್ಬರೂ ಪರೀಕ್ಷೆಗೆ ಇಟ್ಟುಕೊಂಡಿದ್ದದ್ದು ಒಂದು ಪುಟ್ಟ ಫೋಟೋ, ಹಾಗಾಗಿ ಇದು ಸಿಕ್ಕೇ ಇರಲಿಲ್ಲ. ಒಂದು ಸಾಲು ಸೇರಿಸಿ ಮಿತಿ ಹೆಚ್ಚಿಸಿದೆ. ಅಪ್ಪ ಮತ್ತೆ ಕಳಿಸಿದರು.

“ಹೋತು” ಎಂದರು. “ಇಷ್ಟಕ್ಕ ನಿಮಗ ಭಾಳ ದಿನಾ ಹಿಡಿತಲ್ಲವಾ!”

ಅಪ್ಲಿಕೇಶನ್ ಶುರುವಾದ ಬೆಳಿಗ್ಗೆ ಏನೂ ಆಗಲಿಲ್ಲ. ನಮ್ಮ ಕೆಲಸದಲ್ಲಿ ಅದೇ ಒಳ್ಳೆಯ ಸುದ್ದಿ. ಜನ ಬಂದರು, ಫೋಟೋ ಕಳಿಸಿದರು, ಹೋದರು. ಲ್ಯಾಬಿನವರು ಕರೆ ಮಾಡಿದ್ದು ಪುಟದ ಬಣ್ಣದ ಬಗ್ಗೆ. ಒಳಗೆ ಯಾವ ಸರ್ವರ್ ಇದೆ ಎಂದು ಅವರು ಕೇಳಲಿಲ್ಲ.

ಒಂದು ವಾರ ಬಿಟ್ಟು ಲೀಡ್, ಪರೀಕ್ಷೆಗೆ ತೆಗೆದುಕೊಂಡಿದ್ದ ಮಷಿನ್‌ಗಳನ್ನು ಮುಚ್ಚಿಬಿಡಿ ಎಂದ. ಅಪಾಚೆ ಇದ್ದದ್ದನ್ನು ಕೊನೆಗೆ ಇಟ್ಟುಕೊಂಡೆ. ನಿಜವಾಗಿ ಅಳಿಸಬೇಕೇ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದೆ.

“ಅಕ್ಕಾ, ಊಟಕ್ಕೆ ಬರ್ತೀರಾ?” ಎಂದಳು ಹುಡುಗಿ. ಡಬ್ಬಿ ತೆಗೆದುಕೊಂಡು ಎದ್ದೆ. ಅವಳು ಗೋಂಗೂರ ಪಚ್ಚಡಿ, ಅಂದರೆ ಪುಂಡಿ ಸೊಪ್ಪಿನ ಚಟ್ನಿ ತಂದಿದ್ದಳು, ನನ್ನದು ಚಪಾತಿ, ಹೆಸರುಕಾಳು ಪಲ್ಯ.